ಮಹಾಪಧಮನಿಗೂ ಕರುಳಿಗೂ ನಡುವೆ ತೂತು ಬಿದ್ದಾಗ

ಹೃದಯದಿಂದ ಹೊರಡುವ ಮಹಾಪಧಮನಿ ಎದೆಯನ್ನು ದಾಟಿ, ವಪೆಯನ್ನು ಹಾಯ್ದು ಹೊಟ್ಟೆಗೆ ಇಳಿಯುತ್ತದೆ. ಬೆನ್ನುಮೂಳೆಗೆ ಆತುಕೊಂಡೇ ಕೆಳಗೆ ಸಾಗಿ, ಹೊಕ್ಕುಳಿನ ಮಟ್ಟಕ್ಕೆ ಬರುವಷ್ಟರಲ್ಲಿ ಎರಡು ಕವಲಾಗಿ ಕಾಲುಗಳ ಕಡೆ ತಿರುಗುತ್ತದೆ. ದೊಡ್ಡವರಲ್ಲಿ ಹೊಟ್ಟೆಯೊಳಗಿನ ಈ ನಾಳದ ಅಗಲ ಸುಮಾರು 2 ಸೆಂಟಿಮೀಟರ್. ಹೊಕ್ಕುಳಿಗಿಂತ ತುಸು ಮೇಲೆ ಅದರ ಮೈಮೇಲೆ ಅಡ್ಡವಾಗಿ ಹಾದುಹೋಗುವುದು ಸಣ್ಣ ಕರುಳಿನ ಮೊದಲ ಭಾಗವಾದ ಡುಯೋಡಿನಮ್. ಉಳಿದ ಸಣ್ಣ ಕರುಳು ಹೊಟ್ಟೆಯೊಳಗೆ ಅತ್ತಿತ್ತ ಸರಿದಾಡಬಲ್ಲದು. ಡುಯೋಡಿನಮ್ ಹಾಗಲ್ಲ; ಅದರ ಬಹುಭಾಗ ಹೊಟ್ಟೆಯ ಹಿಂಗೋಡೆಗೆ ಅಂಟಿಕೊಂಡಿದೆ, ಕೊನೆಯ ತುದಿಯನ್ನು ಒಂದು ಗಟ್ಟಿ ಪಟ್ಟಿ ಮೇಲಕ್ಕೆ ಬಿಗಿದು ಹಿಡಿದಿದೆ. ಹಿಂದೆ ಮಿಡಿಯುವ ನಾಳ, ಮುಂದೆ ಸರಿಯಲಾರದ ಕರುಳು, ನಡುವೆ ತೆಳುವಾದ ಕೊಬ್ಬಿನ ಪದರ. ಆ ಪದರ ಸವೆದು ಎರಡೂ ಗೋಡೆಗಳಲ್ಲಿ ತೂತು ಬಿದ್ದು, ನಾಳವೂ ಕರುಳೂ ಒಂದಕ್ಕೊಂದು ತೆರೆದುಕೊಂಡರೆ ಅದೇ ಅಯೋರ್ಟೋ-ಎಂಟೆರಿಕ್ ಫಿಸ್ಟುಲಾ. ಶಸ್ತ್ರಚಿಕಿತ್ಸಕರು ಎದುರಿಸುವ ತುರ್ತುಗಳಲ್ಲಿ ಇದಕ್ಕಿಂತ ಕಠಿಣವಾದವು ಹೆಚ್ಚಿಲ್ಲ.

ಮಹಾಪಧಮನಿಯಲ್ಲಿ ರಕ್ತ ಹರಿಯುವುದು ಬಿ.ಪಿ. ಯಂತ್ರ ತೋರಿಸುವಷ್ಟೇ ಒತ್ತಡದಲ್ಲಿ. ಕರುಳಿನೊಳಗೆ ಅಂಥ ಒತ್ತಡವೇ ಇಲ್ಲ. ಹಾಗಾಗಿ ತೂತು ತೆರೆದ ಕೂಡಲೇ ರಕ್ತ ಕರುಳಿಗೆ ನುಗ್ಗುತ್ತದೆ. ದೇಹದಲ್ಲಿರುವ ಒಟ್ಟು ರಕ್ತವೇ ಸುಮಾರು 5 ಲೀಟರ್. ಹೃದಯ ಒಂದು ನಿಮಿಷಕ್ಕೆ ಹೊರಹಾಕುವುದೂ ಹೆಚ್ಚುಕಡಿಮೆ ಅಷ್ಟೇ. ದೊಡ್ಡ ತೂತಾದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು ಎಂಬುದಕ್ಕೆ ಈ ಲೆಕ್ಕವೇ ಸಾಕು. ಅದೇ ತೂತಿನ ಮೂಲಕ ಕರುಳಿನ ಬ್ಯಾಕ್ಟೀರಿಯಾಗಳು ಎದುರು ದಿಕ್ಕಿನಲ್ಲಿ ನಾಳದ ಗೋಡೆಗೂ ರಕ್ತಕ್ಕೂ ಸೇರುತ್ತವೆ. ರಕ್ತಸ್ರಾವ ಮತ್ತು ಸೋಂಕು ಎರಡೂ ಒಟ್ಟಿಗೇ ಇರುವುದರಿಂದಲೇ ಇದರ ಶಸ್ತ್ರಚಿಕಿತ್ಸೆ ಬೇರೆ ರಕ್ತನಾಳದ ಶಸ್ತ್ರಚಿಕಿತ್ಸೆಗಳಂತಿಲ್ಲ.

ಈ ಫಿಸ್ಟುಲಾ ಎರಡು ಬಗೆಯಲ್ಲಿ ಬರುತ್ತದೆ. ಹಿಂದೆ ಯಾವ ಶಸ್ತ್ರಚಿಕಿತ್ಸೆಯೂ ಆಗಿಲ್ಲದ ನಾಳದಲ್ಲಿ ತಾನಾಗಿ ಉಂಟಾಗುವುದು ಮೊದಲ ಬಗೆ. ಇದನ್ನು 1820ರ ದಶಕದಲ್ಲೇ ವಿವರಿಸಿದವರು ಲಂಡನ್ನಿನ ಗೈಸ್ ಆಸ್ಪತ್ರೆಯ ಸರ್ ಆಸ್ಟ್ಲೀ ಕೂಪರ್. ಅರಿವಳಿಕೆಯೇ ಇರದ ಕಾಲದಲ್ಲಿ, 1817ರಲ್ಲಿ, ರೋಗಿಯೊಬ್ಬನ ಹೊಟ್ಟೆಯ ಮಹಾಪಧಮನಿಗೆ ದಾರ ಕಟ್ಟಿ ರಕ್ತಸ್ರಾವ ನಿಲ್ಲಿಸಲು ಯತ್ನಿಸಿದವರೂ ಅವರೇ. ಆ ರೋಗಿ ಎರಡು ದಿನವೂ ಬದುಕಲಿಲ್ಲ, ಆದರೆ ನಾಳದ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಆ ಪ್ರಯತ್ನಕ್ಕೆ ದೊಡ್ಡ ಸ್ಥಾನವಿದೆ. ಮೊದಲ ಬಗೆಯ ಫಿಸ್ಟುಲಾಕ್ಕೆ ಸಾಮಾನ್ಯ ಕಾರಣ ಅನ್ಯೂರಿಸಂ, ಅಂದರೆ ನಾಳದ ಗೋಡೆ ದುರ್ಬಲವಾಗಿ ಉಬ್ಬಿಕೊಳ್ಳುವುದು. ಉಬ್ಬು ಬೆಳೆದಂತೆ ಮುಂದಿರುವ ಡುಯೋಡಿನಮನ್ನು ಒತ್ತಿ ಒತ್ತಿ, ಕೊನೆಗೆ ಅದರ ಗೋಡೆಗೆ ಬೆಸೆದುಕೊಳ್ಳುತ್ತದೆ. ಬೀಡಿ ಸಿಗರೇಟು, ಅಧಿಕ ರಕ್ತದೊತ್ತಡ, ಇಳಿವಯಸ್ಸು ಇವೇ ಅನ್ಯೂರಿಸಂನ ಹಿನ್ನೆಲೆ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಕ್ಷಯ, ಸಿಫಿಲಿಸ್, ಟೈಫಾಯ್ಡ್ ಜಾತಿಯ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ನಾಳದ ಗೋಡೆಯನ್ನು ತಿಂದುಹಾಕಿಯೂ ಹೀಗಾಗಬಹುದು. ಒಟ್ಟಿನಲ್ಲಿ ಇದು ಬಲು ಅಪರೂಪ. ಮರಣೋತ್ತರ ಪರೀಕ್ಷೆಗಳ ಲೆಕ್ಕದಲ್ಲಿ ಶೇಕಡಾ 0.04ರಿಂದ 0.07ರಷ್ಟು ಮಾತ್ರ ಕಂಡುಬಂದಿದೆ.

ಎರಡನೆಯ ಬಗೆ ಅದಕ್ಕಿಂತ ಹೆಚ್ಚು, ಮತ್ತು ಅದು ಹುಟ್ಟಿದ್ದೇ ಚಿಕಿತ್ಸೆಯಿಂದ. 1951ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ಶಾರ್ಲ್ ದ್ಯೂಬೋ ಹೊಟ್ಟೆಯ ಅನ್ಯೂರಿಸಂ ಒಂದನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಮೃತ ದಾನಿಯ ನಾಳದ ತುಂಡನ್ನು ಹೊಲಿದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆರ್ಥರ್ ವೂರ್ಹೀಸ್, ನಾಯಿಯ ಹೃದಯದಲ್ಲಿ ಉಳಿದುಹೋಗಿದ್ದ ರೇಷ್ಮೆ ದಾರದ ಮೇಲೆ ನುಣುಪಾದ ಜೀವಕೋಶದ ಪೊರೆ ಬೆಳೆದಿರುವುದನ್ನು ಗಮನಿಸಿದ್ದರು. ಬಟ್ಟೆಯ ಕೊಳವೆಯೂ ರಕ್ತನಾಳವಾಗಿ ಕೆಲಸ ಮಾಡೀತು ಎಂಬ ಯೋಚನೆ ಅವರಿಗೆ ಹೊಳೆದದ್ದು ಅಲ್ಲಿಂದ. 1952ರಲ್ಲಿ ಅವರ ಪ್ರಯೋಗಗಳು ಪ್ರಕಟವಾದವು. ಹ್ಯೂಸ್ಟನ್ನಿನ ಮೈಕೆಲ್ ಡಿಬೇಕಿ ಅಂಗಡಿಯಿಂದ ಡೇಕ್ರಾನ್ ಬಟ್ಟೆ ಕೊಂಡುತಂದು, ಪತ್ನಿಯ ಹೊಲಿಗೆ ಯಂತ್ರದಲ್ಲಿ ತಾವೇ ಕೊಳವೆ ಹೊಲಿದರು. ಇಂದಿಗೂ ಬಳಕೆಯಲ್ಲಿರುವ ಗ್ರಾಫ್ಟ್‌ಗಳ, ಅಂದರೆ ಬದಲಿ ನಾಳಗಳ, ವಂಶಾವಳಿ ಅಲ್ಲಿಂದ ಶುರುವಾಗುತ್ತದೆ. ಲಕ್ಷಾಂತರ ಜೀವಗಳನ್ನು ಉಳಿಸಿದ ಕೆಲಸ ಇದು. ಆದರೆ ಬದಲಿ ನಾಳ ಹಾಕಿದ ಜಾಗದಲ್ಲೇ ಕರುಳು ತೂತಾಗುವ ತೊಡಕು 1953ರಲ್ಲೇ, ಗ್ರಾಫ್ಟ್ ಯುಗದ ಹೊಸ್ತಿಲಲ್ಲೇ, ವರದಿಯಾಯಿತು.

ಕಾರಣ ಊಹಿಸಲು ಕಷ್ಟವಿಲ್ಲ. ಗ್ರಾಫ್ಟ್‌ನ ಮೇಲ್ತುದಿಯ ಹೊಲಿಗೆ ಬೀಳುವುದು ಡುಯೋಡಿನಮ್ ಹಾಯುವ ಜಾಗದ ಬೆನ್ನಿಗೇ. ಹೃದಯದ ಪ್ರತಿ ಬಡಿತಕ್ಕೂ ಗ್ರಾಫ್ಟ್ ಮಿಡಿಯುತ್ತದೆ, ದಿನಕ್ಕೆ ಸುಮಾರು ಒಂದು ಲಕ್ಷ ಸಲ. ನಡುವೆ ಜೀವಂತ ಅಂಗಾಂಶದ ಹೊದಿಕೆ ಸರಿಯಾಗಿ ಇಲ್ಲದಿದ್ದರೆ, ಸೇದುವ ಹಗ್ಗ ಬಾವಿಕಟ್ಟೆಯ ಕಲ್ಲನ್ನು ಸವೆಸುವ ಹಾಗೆ ಅದು ಕರುಳಿನ ಗೋಡೆಯನ್ನು ಸವೆಸುತ್ತದೆ. ಗ್ರಾಫ್ಟ್‌ಗೆ ಮೊದಲೇ ತಣ್ಣನೆಯ ಸೋಂಕು ತಗುಲಿದ್ದರೆ ಹೊಲಿಗೆ ಸಡಿಲಾಗಿ, ಅಲ್ಲೊಂದು ಸುಳ್ಳು ಅನ್ಯೂರಿಸಂ ಎದ್ದು ಕೆಲಸ ಇನ್ನೂ ಬೇಗ ಕೆಡುತ್ತದೆ. ಮಹಾಪಧಮನಿಗೆ ಗ್ರಾಫ್ಟ್ ಹಾಕಿಸಿಕೊಂಡವರಲ್ಲಿ ಹೀಗಾಗುವುದು ಶೇಕಡಾ ಒಂದರ ಆಸುಪಾಸಿನಲ್ಲಿ. ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳಿಗೂ ಆಗಬಹುದು, ಹತ್ತು ಹದಿನೈದು ವರ್ಷದ ಮೇಲೂ ಆಗಬಹುದು. 1990ರಲ್ಲಿ ಬ್ಯೂನಸ್ ಐರಿಸ್‌ನ ಹುವಾನ್ ಪರೋದಿ ತೊಡೆಸಂದಿನ ನಾಳದ ಮೂಲಕ ಸ್ಟೆಂಟ್ ಗ್ರಾಫ್ಟ್ ತೂರಿಸುವ ವಿಧಾನ ತಂದ ಮೇಲೆ ಹೊಟ್ಟೆ ತೆರೆಯುವ ಅಗತ್ಯ ಕಡಿಮೆಯಾಯಿತು, ಗ್ರಾಫ್ಟ್ ನಾಳದ ಒಳಗೇ ಉಳಿಯುವುದರಿಂದ ಕರುಳಿಗೆ ತಾಕುವ ಸಂಭವವೂ ತಗ್ಗಿತು. ಪೂರ್ತಿ ಇಲ್ಲವಾಗಲಿಲ್ಲ.

ರೋಗ ಮೊದಲು ಕಾಣಿಸಿಕೊಳ್ಳುವ ಬಗೆ ಜನರನ್ನೂ ವೈದ್ಯರನ್ನೂ ದಾರಿ ತಪ್ಪಿಸುತ್ತದೆ. ಪಠ್ಯಪುಸ್ತಕಗಳು ಮೂರು ಲಕ್ಷಣ ಹೇಳುತ್ತವೆ: ರಕ್ತಸ್ರಾವ, ಹೊಟ್ಟೆನೋವು, ಹೊಟ್ಟೆಯಲ್ಲಿ ಮಿಡಿಯುವ ಗಡ್ಡೆ. ಮೂರೂ ಒಟ್ಟಿಗೆ ಸಿಗುವುದು ಕೆಲವರಲ್ಲಷ್ಟೇ. ಸಾಮಾನ್ಯವಾಗಿ ಆಗುವುದು ಇಷ್ಟು: ಒಂದು ದಿನ ಇದ್ದಕ್ಕಿದ್ದಂತೆ ರಕ್ತವಾಂತಿಯಾಗುತ್ತದೆ, ಇಲ್ಲವೇ ಮಲ ಟಾರಿನ ಹಾಗೆ ಕಪ್ಪಗೆ ಜಿಗುಟಾಗಿ ಹೋಗುತ್ತದೆ. ತಲೆ ಸುತ್ತಿ ಬೆವರು ಬರುತ್ತದೆ. ಆಮೇಲೆ ತಾನಾಗಿ ನಿಲ್ಲುತ್ತದೆ. ಬಿ.ಪಿ. ಇಳಿದಾಗ ರಕ್ತದ ರಭಸ ತಗ್ಗಿ, ತೂತಿನ ಬಾಯಿಗೆ ಹೆಪ್ಪು ಕೂತು, ಕರುಳು ಅದರ ಸುತ್ತ ಮುದುಡಿಕೊಂಡಿರುತ್ತದೆ. ವೈದ್ಯಶಾಸ್ತ್ರ ಇದನ್ನು ಮುನ್ಸೂಚನೆಯ ರಕ್ತಸ್ರಾವವೆಂದು ಗುರುತಿಸುತ್ತದೆ. ರೋಗಿಗೆ ನಿರಾಳವೆನಿಸುತ್ತದೆ, ಮನೆಯವರಿಗೂ ಗಂಡಾಂತರ ಕಳೆಯಿತೆನಿಸುತ್ತದೆ. ಆದರೆ ಒಳಗಿನ ತೂತು ಹಾಗೇ ಇದೆ, ಅದನ್ನು ಮುಚ್ಚಿರುವುದು ಒಂದು ಹೆಪ್ಪು ಮಾತ್ರ. ಗಂಟೆಗಳ ಮೇಲೋ ದಿನಗಳ ಮೇಲೋ, ಕೆಲವೊಮ್ಮೆ ವಾರಗಳ ಮೇಲೋ ಅದು ಕಳಚಿದಾಗ ಬರುವ ಎರಡನೆಯ ರಕ್ತಸ್ರಾವವೇ ಜೀವ ತೆಗೆಯುವಂಥದ್ದು. ಈ ನಡುವಿನ ಬಿಡುವೇ ಚಿಕಿತ್ಸೆಗೆ ಸಿಗುವ ಅವಕಾಶ. ಇಡೀ ವಿಷಯದಲ್ಲಿ ಸಾಮಾನ್ಯ ಓದುಗರು ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಬೇಕು.

ಬಿಡುವು ವ್ಯರ್ಥವಾಗುವುದು ಹೇಗೆಂಬುದೂ ಗೊತ್ತಿರುವ ಸಂಗತಿಯೇ. ಹೊಟ್ಟೆಯ ಹುಣ್ಣು, ಲಿವರ್ ಕಾಯಿಲೆ, ನೋವಿನ ಮಾತ್ರೆಯ ದುಷ್ಪರಿಣಾಮ ಇವುಗಳಿಂದಲೂ ರಕ್ತವಾಂತಿಯಾಗುತ್ತದೆ, ಅವು ನೂರಾರು ಪಟ್ಟು ಹೆಚ್ಚು ಸಾಮಾನ್ಯ. ಹಾಗಾಗಿ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುವವರಿದ್ದಾರೆ, ಮೂಲವ್ಯಾಧಿ ಎಂದು ಸುಮ್ಮನಾಗುವವರಿದ್ದಾರೆ. ಎಂಟು ವರ್ಷದ ಹಿಂದೆ ಯಾವುದೋ ಊರಿನಲ್ಲಿ ಆದ ಆಪರೇಷನ್ನಿಗೂ ಇವತ್ತಿನ ಕಪ್ಪು ಮಲಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ನಾಳದ ಶಸ್ತ್ರಚಿಕಿತ್ಸಕರು ಪಾಲಿಸುವ ನಿಯಮ ಮಾತ್ರ ನೇರವಾದದ್ದು: ಮಹಾಪಧಮನಿಯಲ್ಲಿ ಗ್ರಾಫ್ಟ್ ಇರುವವರಿಗೆ ಹೊಟ್ಟೆಯಿಂದ ಅಥವಾ ಕರುಳಿನಿಂದ ರಕ್ತ ಹೋದರೆ, ಅಲ್ಲವೆಂದು ಸಾಬೀತಾಗುವ ತನಕ ಅದು ಫಿಸ್ಟುಲಾವೇ. ಕೆಲವರಲ್ಲಿ ಭಾರೀ ರಕ್ತಸ್ರಾವವೇ ಇರುವುದಿಲ್ಲ. ಹೊಲಿಗೆ ಗಟ್ಟಿಯಾಗಿದ್ದು, ಗ್ರಾಫ್ಟ್‌ನ ಮೈ ಮಾತ್ರ ಕರುಳಿನೊಳಕ್ಕೆ ತೆರೆದುಕೊಂಡಿರುತ್ತದೆ. ಅವರಲ್ಲಿ ಬಿಟ್ಟುಬಿಟ್ಟು ಬರುವ ಜ್ವರ, ಚಳಿ, ತೂಕ ಇಳಿಯುವುದು, ಕಾರಣ ತಿಳಿಯದ ರಕ್ತಹೀನತೆ ತಿಂಗಳುಗಟ್ಟಲೆ ಕಾಡಬಹುದು.

ರೋಗಿಯ ಸ್ಥಿತಿ ತಡೆದುಕೊಳ್ಳುವಂತಿದ್ದರೆ ಮೊದಲ ಪರೀಕ್ಷೆ ಸಿಟಿ ಆಂಜಿಯೋಗ್ರಾಂ. ಗ್ರಾಫ್ಟ್‌ನ ಸುತ್ತ ಗಾಳಿಯ ಗುಳ್ಳೆ, ನಾಳ ಮತ್ತು ಕರುಳಿನ ನಡುವಿನ ಕೊಬ್ಬಿನ ಗೆರೆ ಅಳಿಸಿಹೋಗಿರುವುದು, ಸುತ್ತ ದ್ರವ ನಿಂತಿರುವುದು ಇವು ಸುಳಿವು. ರಕ್ತನಾಳಕ್ಕೆ ಕೊಟ್ಟ ಔಷಧ ಕರುಳಿನೊಳಗೆ ಚಿಮ್ಮುವುದು ಕಂಡರೆ ಸಂಶಯವೇ ಉಳಿಯುವುದಿಲ್ಲ. ಎಂಡೋಸ್ಕೋಪಿ ಇತರ ಕಾರಣಗಳನ್ನು ಹುಡುಕಲು ಉಪಯುಕ್ತ. ಆದರೆ ರೂಢಿಯ ಎಂಡೋಸ್ಕೋಪಿ ಡುಯೋಡಿನಮ್‌ನ ಎರಡನೆಯ ಭಾಗದವರೆಗೆ ಹೋಗಿ ನಿಲ್ಲುತ್ತದೆ, ಫಿಸ್ಟುಲಾ ಇರುವುದು ಹೆಚ್ಚಾಗಿ ಮೂರನೆಯ ಮತ್ತು ನಾಲ್ಕನೆಯ ಭಾಗಗಳಲ್ಲಿ. ಅಲ್ಲಿಯವರೆಗೆ ಹೋದಾಗ ಹೆಪ್ಪು ಕಂಡರೆ ಅದನ್ನು ಮುಟ್ಟಬಾರದು, ತೊಳೆಯಬಾರದು. ಹೊಟ್ಟೆಯಲ್ಲಿ ಒಂದು ಸಣ್ಣ ಹುಣ್ಣು ಸಿಕ್ಕಿತೆಂದು ಹುಡುಕಾಟ ನಿಲ್ಲಿಸುವುದೂ ಅಪಾಯವೇ. ಬಿ.ಪಿ. ಕುಸಿಯುತ್ತಿರುವ ರೋಗಿಗೆ ಈ ಯಾವುದಕ್ಕೂ ಸಮಯವಿಲ್ಲ, ನೇರ ಆಪರೇಷನ್ ಥಿಯೇಟರಿಗೆ.

ಅಲ್ಲಿ ನಡೆಯುವ ತಯಾರಿ ಬೇರೆ ಶಸ್ತ್ರಚಿಕಿತ್ಸೆಗಳಿಗಿಂತ ಭಿನ್ನ. ರಕ್ತನಿಧಿಯಿಂದ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಬಂದಿರಬೇಕು. ರೋಗಿಗೆ ಎಚ್ಚರವಿದ್ದು ಮಾತನಾಡುತ್ತಿದ್ದರೆ ಮೇಲಿನ ಬಿ.ಪಿ. 80-90ರ ಆಸುಪಾಸಿನಲ್ಲಿದ್ದರೂ ಹಾಗೇ ಬಿಡುತ್ತಾರೆ. ಸಲೈನ್ ಸುರಿದು ಬಿ.ಪಿ. ಏರಿಸಿದರೆ ಕೂತಿರುವ ಹೆಪ್ಪು ಎದ್ದುಹೋಗುತ್ತದೆ. ಅರಿವಳಿಕೆ ಕೊಡುವ ಮೊದಲೇ ಎದೆಯಿಂದ ಮೊಣಕಾಲಿನವರೆಗೆ ಔಷಧ ಹಚ್ಚಿ, ಹಸಿರು ಬಟ್ಟೆ ಹೊದಿಸಿ, ಶಸ್ತ್ರಚಿಕಿತ್ಸಕರು ಕೈಯಲ್ಲಿ ಕತ್ತಿ ಹಿಡಿದು ನಿಂತಿರುತ್ತಾರೆ. ಅರಿವಳಿಕೆಯ ಔಷಧ ಹರಿದಾಗ ನಾಳಗಳ ಬಿಗಿ ಸಡಿಲುತ್ತದೆ, ಹೊಟ್ಟೆಯ ಸ್ನಾಯುಗಳ ಬಿಗಿಯೂ ಹೋಗುತ್ತದೆ. ಅಲ್ಲಿಯವರೆಗೆ ಹೇಗೋ ನಿಂತಿದ್ದ ಬಿ.ಪಿ. ಆ ಗಳಿಗೆಯಲ್ಲಿ ಪಾತಾಳಕ್ಕೆ ಇಳಿಯಬಹುದು. ಹಾಗಾಗಿ ರೋಗಿ ನಿದ್ದೆಗೆ ಜಾರಿದ ತಕ್ಷಣ ಎದೆಮೂಳೆಯ ಕೆಳತುದಿಯಿಂದ ಕೆಳಹೊಟ್ಟೆಯವರೆಗೆ ಒಂದೇ ನೇರ ಗಾಯ.

ಹೊಸಬರಿಗೆ ಕೈ ನೇರ ತೂತಿನ ಕಡೆ ಹೋಗಬೇಕೆನಿಸುತ್ತದೆ. ಅನುಭವಸ್ಥರು ಹಾಗೆ ಮಾಡುವುದಿಲ್ಲ. ಡುಯೋಡಿನಮ್ ಅನ್ನು ನಾಳದಿಂದ ಬಿಡಿಸಿದ ಕೂಡಲೇ ರಕ್ತ ಚಿಮ್ಮಿ ಏನೂ ಕಾಣದಂತಾಗುತ್ತದೆ. ಅದಕ್ಕೆ ಮೊದಲು ಮೇಲಿನಿಂದ ಬರುವ ಹರಿವನ್ನು ಕಟ್ಟಬೇಕು. ಹಳೆಯ ಶಸ್ತ್ರಚಿಕಿತ್ಸೆಯ ಕಲೆಗಳಿಂದ ಅಂಟಿಕೊಂಡಿರುವ ಜಾಗವನ್ನು ಬಿಟ್ಟು, ಯಾರೂ ಮುಟ್ಟಿರದ ಮೇಲ್ಭಾಗಕ್ಕೆ, ವಪೆಯ ಅಡಿಗೆ ಹೋಗುತ್ತಾರೆ. ಲಿವರಿನ ಎಡಭಾಗವನ್ನು ಸರಿಸಿ, ಜಠರದ ಮೇಲಿನ ತೆಳು ಪೊರೆಯನ್ನು ಸೀಳುತ್ತಾರೆ. ಮೂಗಿನಿಂದ ಇಳಿಸಿದ ಕೊಳವೆ ಬೆರಳಿಗೆ ಸಿಕ್ಕರೆ ಅದೇ ಅನ್ನನಾಳ. ಅದನ್ನು ಎಡಕ್ಕೆ ಒತ್ತಿ, ವಪೆಯ ಸ್ನಾಯುಪಟ್ಟಿಯನ್ನು ಬಿಡಿಸಿದರೆ ಬೆನ್ನುಮೂಳೆಯ ಮೇಲೆ ಮಹಾಪಧಮನಿ. ಅದರ ಎರಡೂ ಮಗ್ಗುಲಿಗೆ ಒಂದೊಂದು ಬೆರಳನ್ನು ಮೂಳೆ ತಾಕುವವರೆಗೆ ಇಳಿಸಿ, ಆ ಬೆರಳುಗಳ ಜಾಡಿನಲ್ಲೇ ಕ್ಲಾಂಪ್ ಇಳಿಸಿ ಕಚ್ಚಿಸುತ್ತಾರೆ. ಕೆಲವು ಕೇಂದ್ರಗಳಲ್ಲಿ ಇದರ ಬದಲು ತೊಡೆಸಂದಿನ ನಾಳದಿಂದ ಬಲೂನು ತೂರಿಸಿ, ಒಳಗಿನಿಂದಲೇ ಉಬ್ಬಿಸಿ ಹರಿವು ತಡೆಯುತ್ತಾರೆ. ಕ್ಲಾಂಪ್ ಬಿದ್ದಾಗಿನಿಂದ ಲಿವರ್, ಕರುಳು, ಕಿಡ್ನಿ ಯಾವುದಕ್ಕೂ ರಕ್ತವಿಲ್ಲ. ಅರ್ಧ ಗಂಟೆ ಮೀರಿದರೆ ಕಿಡ್ನಿಗೆ ಪೆಟ್ಟು ಬೀಳುವ ಭಯ. ಆದ್ದರಿಂದ ಕೆಳಗಿನ ಜಾಗ ಬಿಡಿಸಿಕೊಂಡ ಕೂಡಲೇ ಕ್ಲಾಂಪನ್ನು ಕಿಡ್ನಿಯ ನಾಳಗಳ ಕೆಳಕ್ಕೆ ಬದಲಿಸುತ್ತಾರೆ.

ಇನ್ನು ತೂತಿನ ಸರದಿ. ಕರುಳನ್ನು ನಾಳದಿಂದ ಬೇರ್ಪಡಿಸಿ, ಅದರ ಹರಿದ ಅಂಚನ್ನು ರಕ್ತ ಒಸರುವ ಆರೋಗ್ಯವಂತ ಭಾಗ ಸಿಗುವವರೆಗೆ ಕತ್ತರಿಸಿ, ಒಳದಾರಿ ಕಿರಿದಾಗದಂತೆ ಅಡ್ಡಲಾಗಿ ಹೊಲಿಯುತ್ತಾರೆ. ಹಾನಿ ದೊಡ್ಡದಾಗಿದ್ದರೆ ಡುಯೋಡಿನಮ್‌ನ ಕೊನೆಯ ಭಾಗವನ್ನೇ ತೆಗೆದು, ಉಳಿದ ತುದಿಯನ್ನು ಮುಂದಿನ ಸಣ್ಣ ಕರುಳಿಗೆ ಜೋಡಿಸಬೇಕಾಗುತ್ತದೆ. ಸೋಂಕು ತಗುಲಿದ ಗ್ರಾಫ್ಟ್ ಇದ್ದರೆ ಅದನ್ನು ಕಿತ್ತು ತೆಗೆಯಬೇಕು, ಸುತ್ತಲ ಕೊಳೆತ ಅಂಗಾಂಶವನ್ನೂ ಹೆರೆಯಬೇಕು. ಯಾವ ಬ್ಯಾಕ್ಟೀರಿಯಾ, ಯಾವ ಫಂಗಸ್ ಎಂದು ತಿಳಿಯಲು ತುಣುಕುಗಳು ಪ್ರಯೋಗಾಲಯಕ್ಕೆ ಹೋಗುತ್ತವೆ.

ಈಗ ಮಹಾಪಧಮನಿ ತುಂಡಾಗಿದೆ. ಕಾಲುಗಳಿಗೆ ರಕ್ತ ಹೋಗುವುದು ಹೇಗೆ? ಅರ್ಧ ಶತಮಾನದಿಂದ ಚರ್ಚೆ ನಡೆದಿರುವುದು ಈ ಪ್ರಶ್ನೆಯ ಸುತ್ತಲೇ. ಹಳೆಯ, ಇಂದಿಗೂ ಜೀವಂತವಾಗಿರುವ ಉತ್ತರ: ಕೊಳೆಯಾದ ಜಾಗದಲ್ಲಿ ಏನನ್ನೂ ಇಡಬೇಡಿ. ನಾಳದ ತುಂಡಾದ ತುದಿಯನ್ನು ಎರಡು ಸಾಲು ಹೊಲಿಗೆ ಹಾಕಿ ಮುಚ್ಚಿ, ಕೊರಳೆಲುಬಿನ ಕೆಳಗಿನ ನಾಳದಿಂದ ಪಕ್ಕೆಯ ಚರ್ಮದಡಿ ಉದ್ದಕ್ಕೂ ಒಂದು ಕೊಳವೆ ಇಳಿಸಿ ಎರಡೂ ತೊಡೆಯ ನಾಳಗಳಿಗೆ ಜೋಡಿಸುವುದು. 1963ರಲ್ಲಿ ವರದಿಯಾದ ಬೈಪಾಸ್ ಇದು. ಹೊಸ ಕೊಳವೆ ಸೋಂಕಿನಿಂದ ದೂರ ಉಳಿಯುತ್ತದೆ. ಆದರೆ ಉದ್ದದ ಕೊಳವೆ ಹೆಪ್ಪುಗಟ್ಟಿ ಕಟ್ಟಿಕೊಳ್ಳಬಹುದು. ಅದಕ್ಕಿಂತ ಭಯಂಕರವೆಂದರೆ ಮುಚ್ಚಿದ ತುದಿಯ ಹೊಲಿಗೆ ವಾರಗಳ ಮೇಲೆ ಬಿಚ್ಚಿಕೊಳ್ಳುವುದು. ಹಾಗೆ ಬಿಚ್ಚಿದರೆ ಉಳಿಯುವವರು ವಿರಳ.

ಇನ್ನೊಂದು ಉತ್ತರ, ಇದ್ದ ಜಾಗದಲ್ಲೇ ಹೊಸ ನಾಳ ಕೂರಿಸುವುದು. ಅದಕ್ಕೆ ಸೋಂಕನ್ನು ತಡೆಯಬಲ್ಲ ವಸ್ತು ಬೇಕು. ಅಮೆರಿಕದ ಡಲ್ಲಾಸ್‌ನಲ್ಲಿ ಕ್ಲಾಗೆಟ್ ಮತ್ತು ಸಂಗಡಿಗರು 1993ರಲ್ಲಿ ರೋಗಿಯ ತೊಡೆಯೊಳಗಿನ ಆಳದ ಅಭಿಧಮನಿಗಳನ್ನೇ ತೆಗೆದು ಮಹಾಪಧಮನಿ ಕಟ್ಟುವ ವಿಧಾನ ತೋರಿಸಿದರು. ಸ್ವಂತ ಅಂಗಾಂಶವಾದ್ದರಿಂದ ಸೋಂಕಿಗೆ ಸುಲಭವಾಗಿ ಬಗ್ಗುವುದಿಲ್ಲ, ಆದರೆ ಬಿಡಿಸಿ ತೆಗೆಯಲು ಗಂಟೆಗಟ್ಟಲೆ ಬೇಕು, ರಕ್ತ ಸೋರುತ್ತಿರುವ ರೋಗಿಗೆ ಅಷ್ಟು ತಾಳ್ಮೆಯಿಲ್ಲ. ಶೈತ್ಯದಲ್ಲಿ ಕಾಪಿಟ್ಟ ದಾನಿಯ ನಾಳ, ದನದ ಹೃದಯದ ಹೊರಪೊರೆಯನ್ನು ಸುತ್ತಿ ಹೊಲಿದ ಕೊಳವೆ ಕೂಡ ಬಳಕೆಯಲ್ಲಿವೆ. ತುರ್ತಿನಲ್ಲಿ ಕೈಗೆ ಸಿಗುವುದು ಮಾತ್ರ ರಿಫಾಂಪಿಸಿನ್ ದ್ರಾವಣದಲ್ಲಿ ನೆನೆಸಿದ ಡೇಕ್ರಾನ್. ಕ್ಷಯರೋಗದ ಮಾತ್ರೆಯಾಗಿ ನಮ್ಮಲ್ಲಿ ಮನೆಮಾತಾಗಿರುವ, ಮೂತ್ರವನ್ನು ಕೇಸರಿ ಬಣ್ಣಕ್ಕೆ ತಿರುಗಿಸುವ ಔಷಧವೇ ಇದು. ಗ್ರಾಫ್ಟ್‌ನ ಮೇಲಿನ ಜೆಲಟಿನ್ ಲೇಪ ಅದನ್ನು ಹೀರಿಕೊಂಡು, ಬಿಳಿಯ ಬಟ್ಟೆ ಇಟ್ಟಿಗೆಗೆಂಪಿಗೆ ತಿರುಗುತ್ತದೆ. ಯಾವ ವಿಧಾನ ಆರಿಸಿದರೂ ಒಂದು ಕೆಲಸ ಬಿಡುವಂತಿಲ್ಲ. ಜಠರದಿಂದ ಕರುಳಿನ ಮೇಲೆ ಇಳಿಬಿದ್ದಿರುವ ಕೊಬ್ಬಿನ ಪೊರೆ, ಓಮೆಂಟಮ್, ರಕ್ತಸಂಚಾರ ಸಮೃದ್ಧವಾಗಿರುವ ಅಂಗಾಂಶ. ಅದರ ಒಂದು ಪಟ್ಟಿಯನ್ನು ತಂದು ಹೊಸ ನಾಳಕ್ಕೂ ಕರುಳಿಗೂ ನಡುವೆ ಹೊದಿಸುತ್ತಾರೆ. ಅಷ್ಟು ಮಾಡದಿದ್ದರೆ ಹಳೆಯ ಕಥೆ ಮತ್ತೆ ಮೊದಲಾದೀತು.

ಹೊಟ್ಟೆ ತೆರೆಯದೆ ಒಳಗಿನಿಂದ ಸ್ಟೆಂಟ್ ಗ್ರಾಫ್ಟ್ ಹಾಕಿ ತೂತು ಮುಚ್ಚುವುದು ಈಗ ಸಾಧ್ಯ. ಪ್ರಾಣಾಂತಿಕವಾಗಿ ರಕ್ತ ಹೋಗುತ್ತಿರುವ, ವಯಸ್ಸಾದ, ದೊಡ್ಡ ಶಸ್ತ್ರಚಿಕಿತ್ಸೆ ತಡೆಯಲಾರದ ರೋಗಿಗೆ ಇದು ನಿಜವಾದ ಆಸರೆ. ಕೆಲವೇ ನಿಮಿಷಗಳಲ್ಲಿ ರಕ್ತ ನಿಲ್ಲುತ್ತದೆ. ಆದರೆ ಕರುಳಿನ ತೂತು ಹಾಗೇ ಉಳಿಯುತ್ತದೆ, ಸ್ಟೆಂಟ್ ಕೂತದ್ದು ಕರುಳಿನ ಕೊಳೆ ತಾಕುವ ಜಾಗದಲ್ಲಿ. ಸೋಂಕು ಮರಳುವ ಸಂಭವ ಹೆಚ್ಚು. ಆದ್ದರಿಂದ ಇದನ್ನು ಪೂರ್ಣ ಚಿಕಿತ್ಸೆಯೆಂದು ಭಾವಿಸದೆ, ರೋಗಿ ಚೇತರಿಸಿಕೊಳ್ಳಲು ಕೊಂಡ ಸಮಯವೆಂದು ನೋಡಿ, ಸಾಧ್ಯವಾದವರಿಗೆ ಮುಂದೆ ತೆರೆದ ಶಸ್ತ್ರಚಿಕಿತ್ಸೆ ಮಾಡುವುದೇ ವಿವೇಕ.

ಇದೇ ಜಾತಿಯ ಇನ್ನೊಂದು ಅವಘಡ ಎದೆಯೊಳಗೆ, ಅನ್ನನಾಳಕ್ಕೂ ಮಹಾಪಧಮನಿಗೂ ನಡುವೆ ಆಗುತ್ತದೆ. ನುಂಗಿದ ಮೀನಿನ ಮುಳ್ಳು, ಮೂಳೆಚೂರು ಅಲ್ಲಿ ಕಾರಣವಾಗಬಲ್ಲವು. ಪುಟ್ಟ ಮಕ್ಕಳಲ್ಲಿ ಕಾರಣ ಆಟಿಕೆ, ರಿಮೋಟ್‌ಗಳ ಬಟನ್ ಬ್ಯಾಟರಿ. 20 ಮಿಲಿಮೀಟರಿನ ಲಿಥಿಯಂ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗೋಡೆಯನ್ನು ಸುಡತೊಡಗುತ್ತದೆ. ಬ್ಯಾಟರಿ ತೆಗೆದ ಮೇಲೂ ಸುಟ್ಟ ಗಾಯ ಆಳಕ್ಕೆ ಇಳಿದು, ದಿನಗಳ ಅಥವಾ ವಾರಗಳ ನಂತರ ಮಗು ರಕ್ತ ಕಾರಬಹುದು. ಆಗಲೂ ಮೊದಲ ರಕ್ತ ಸ್ವಲ್ಪವೇ ಇರುತ್ತದೆ, ತಾನಾಗಿ ನಿಲ್ಲುತ್ತದೆ. ಅದನ್ನು ನಂಬದೆ ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಓಡಬೇಕು.

ಚಿಕಿತ್ಸೆಯೇ ಇಲ್ಲದಿದ್ದರೆ ಫಿಸ್ಟುಲಾ ಆದವರು ಬದುಕುವುದಿಲ್ಲವೆಂದೇ ಹೇಳಬೇಕು. ಶಸ್ತ್ರಚಿಕಿತ್ಸೆಯಾದರೂ ಮೂವರಲ್ಲಿ ಒಬ್ಬರು, ಕೆಲವು ವರದಿಗಳ ಪ್ರಕಾರ ಅರ್ಧದಷ್ಟು ಮಂದಿ, ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾರೆ. ಈ ಅಂಕಿಗಳನ್ನು ಓದುವಾಗ ಒಂದು ಅಂಶ ಗಮನಿಸಬೇಕು: ಕುಸಿದುಬಿದ್ದ ಮೇಲೆ ಥಿಯೇಟರಿಗೆ ಬಂದವರ ಗತಿಗೂ, ಬಿ.ಪಿ. ನೆಟ್ಟಗಿರುವಾಗಲೇ ರೋಗ ಪತ್ತೆಯಾದವರ ಗತಿಗೂ ಅಗಾಧ ಅಂತರವಿದೆ. ನಮ್ಮ ರಾಜ್ಯದಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಬಲ್ಲ ತಂಡಗಳಿರುವುದು ದೊಡ್ಡ ನಗರಗಳಲ್ಲಿ. ದೂರದ ತಾಲ್ಲೂಕಿನಲ್ಲಿರುವ ರೋಗಿಗೆ ಮೊದಲ ರಕ್ತಸ್ರಾವದ ನಂತರದ ಬಿಡುವು ಬಹುಪಾಲು ಪ್ರಯಾಣಕ್ಕೇ ಖರ್ಚಾಗುತ್ತದೆ. 108ಕ್ಕೆ ಕರೆ ಮಾಡುವಾಗಲೇ, ಮೊದಲ ಆಸ್ಪತ್ರೆಯ ಬಾಗಿಲಲ್ಲೇ, ‘ಇವರಿಗೆ ಹೊಟ್ಟೆಯ ದೊಡ್ಡ ರಕ್ತನಾಳಕ್ಕೆ ಗ್ರಾಫ್ಟ್ ಹಾಕಿದೆ’ ಎಂಬ ಮಾತು ಬರಬೇಕು. ಹಳೆಯ ಡಿಸ್ಚಾರ್ಜ್ ಸಮ್ಮರಿಯ ಒಂದು ಪ್ರತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿರಬೇಕು, ಒಂದು ಫೋಟೊ ಮೊಬೈಲಿನಲ್ಲೂ ಇರಬೇಕು.

ಬದುಕುಳಿದವರಿಗೆ ಮುಂದಿನ ದಾರಿಯೂ ದೀರ್ಘವೇ. ಐ.ಸಿ.ಯು.ನಲ್ಲಿ ಕಿಡ್ನಿಯ ಕೆಲಸ, ಕಾಲಿನ ನಾಡಿ, ಕರುಳಿನ ಹೊಲಿಗೆ ಇವುಗಳ ಮೇಲೆ ಕಣ್ಣಿಡುತ್ತಾರೆ. ಡುಯೋಡಿನಮ್‌ನ ಹೊಲಿಗೆ ಮಾಯುವ ತನಕ ಮುಂದಿನ ಕರುಳಿಗೆ ಹಾಕಿದ ಕೊಳವೆಯ ಮೂಲಕ ಆಹಾರ. ಆಂಟಿಬಯಾಟಿಕ್ ಕನಿಷ್ಠ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕ, ಆಮೇಲೆ ತಿಂಗಳುಗಟ್ಟಲೆ ಮಾತ್ರೆ; ಒಳಗೆ ಕೃತಕ ಗ್ರಾಫ್ಟ್ ಉಳಿದವರಲ್ಲಿ ಕೆಲವರಿಗೆ ಜೀವನಪರ್ಯಂತ. ಕ್ಯಾಂಡಿಡಾ ಫಂಗಸ್ ಸಿಕ್ಕಿದ್ದರೆ ಅದಕ್ಕೂ ಪ್ರತ್ಯೇಕ ಔಷಧ. ಬಿಟ್ಟುಬಿಟ್ಟು ಸಿಟಿ ಸ್ಕ್ಯಾನ್ ಮಾಡಿ ಹೊಸ ನಾಳದ ಸುತ್ತ ದ್ರವವೋ ಗಾಳಿಯೋ ಕೂಡಿದೆಯೇ ಎಂದು ನೋಡುತ್ತಿರಬೇಕು. ಧೂಮಪಾನ ಮುಂದುವರಿದರೆ ಉಳಿದ ನಾಳಗಳೂ ಕೆಡುತ್ತವೆ, ಬೈಪಾಸ್ ಕೊಳವೆಯೂ ಬೇಗ ಕಟ್ಟಿಕೊಳ್ಳುತ್ತದೆ. ಜ್ವರ, ಕಪ್ಪು ಮಲ, ಕಾಲು ತಣ್ಣಗಾಗುವುದು ಈ ಮೂರರಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅದೇ ದಿನ ಆಸ್ಪತ್ರೆಗೆ ಬರಬೇಕೆಂದು ರೋಗಿಗೂ ಮನೆಯವರಿಗೂ ಬಿಡುಗಡೆಯ ಹೊತ್ತಿಗೆ ಬರೆದು ಕೊಡುತ್ತಾರೆ.